ಶಟಲ್ ಕಾಕ್ ಬಾಳಿಕೆ: ಗರಿ, ನೈಲಾನ್, ಹೈಬ್ರಿಡ್ ಎಲ್ಲಾ ಆಡಿ ನೋಡಿದ ಮೇಲೆ

ನಾಲ್ಕು ತಿಂಗಳಿಂದ ನಾವು ಆಡಿರೋ ಪ್ರತಿಯೊಂದು ಶಟಲ್‌ಗೂ ಒಂದು ನಂಬರ್ ಇದೆ. ಡಬ್ಬಿಯಿಂದ ತೆಗೆದ ತಕ್ಷಣ ಕಾರ್ಕ್ ಮೇಲಿನ ಬಣ್ಣದ ಪಟ್ಟಿ ಪಕ್ಕದಲ್ಲಿ ಬಾಲ್‌ಪೆನ್ನಲ್ಲಿ ಬರೀತೀನಿ (ತಳದಲ್ಲಿ ಬರೆದ್ರೆ ಹತ್ತು ಹೊಡೆತಕ್ಕೆ ಅಳಿಸಿ ಹೋಗುತ್ತೆ, ಮೊದಲ ದಿನವೇ ಗೊತ್ತಾಯ್ತು), ಆಮೇಲೆ ಒಂದು ಸಣ್ಣ ನೋಟ್‌ಬುಕ್ಕಲ್ಲಿ ಆ ನಂಬರ್ ಎದುರಿಗೆ ಎಷ್ಟು ಗೇಮ್ ಆಡಿದ್ವಿ, ಯಾವಾಗ ಓಲಾಡೋಕೆ ಶುರುವಾಯ್ತು, ಕೊನೆಗೆ ಯಾಕೆ ತೆಗೆದು ಹಾಕಿದ್ವಿ ಅಂತ ಗುರುತು ಹಾಕ್ಕೊಂಡು ಬಂದೆ. ನಾವು ನಾಲ್ಕು ಜನ ಖಾಯಂ ಡಬಲ್ಸ್ ಆಡೋರು, ಹೊಸ ಡಬ್ಬಿ ತರೋ ಟೈಮ್ ಬಂದಾಗೆಲ್ಲಾ ಅದೇ ವಾದ, ಒಬ್ಬ ನೈಲಾನ್ ತರೋಣ ಮುರಿಯಲ್ಲ ಅಂತಾನೆ, ಇನ್ನೊಬ್ಬ ಗರಿ ಬಿಟ್ರೆ ಬೇರೆ ಮುಟ್ಟಲ್ಲ ಅಂತಾನೆ, ಮೂರನೆಯವನಿಗೆ ಹೈಬ್ರಿಡ್ (ಅರ್ಧ ಪ್ಲಾಸ್ಟಿಕ್, ಅರ್ಧ ಗರಿ) ಮೇಲೆ ಪ್ರೀತಿ. ಬಾಯಲ್ಲಿ ವಾದ ಮಾಡಿ ಸಾಕಾಗಿ ಬರೆದಿಡೋಣ ಅಂತ ಕೂತೆ.

ಬರೆಯೋಕೆ ಶುರು ಮಾಡಿದ ಮೇಲೆ ಮೊದಲು ಬದಲಾಗಿದ್ದು ಬಾಳಿಕೆ ಅನ್ನೋ ಮಾತಿನ ಅರ್ಥಾನೇ. ಅಲ್ಲಿವರೆಗೂ ನನ್ನ ಲೆಕ್ಕದಲ್ಲಿ ಗರಿ ಮುರಿದ್ರೆ ಶಟಲ್ ಹೋಯ್ತು, ಮುರೀದೆ ಇದ್ರೆ ಇನ್ನೂ ಇದೆ, ಅಷ್ಟೇ. ಆದ್ರೆ ನೋಟ್‌ಬುಕ್ ನೋಡಿದ್ರೆ ಮುರಿಯೋಕೆ ಎಷ್ಟೋ ಮುಂಚೆನೇ "ಕ್ಲಿಯರ್ ಹೊಡೆದ್ರೆ ಅಲ್ಲಾಡ್ತಿದೆ", "ಡ್ರಾಪ್ ನೆಟ್ ಮೇಲೆ ಅಂದಾಜಿಗೆ ಬರ್ತಿಲ್ಲ" ಅಂತ ಬರೆದಿರ್ತೀನಿ (ಕ್ಲಿಯರ್ ಅಂದ್ರೆ ಎತ್ತರವಾಗಿ ಹಿಂದಿನ ಗೆರೆವರೆಗೆ ಹೊಡೆಯೋದು, ಡ್ರಾಪ್ ಅಂದ್ರೆ ನೆಟ್ ದಾಟಿದ ತಕ್ಷಣ ಬೀಳೋ ಹಾಗೆ ಮೆಲ್ಲಗೆ ಹೊಡೆಯೋದು), ಆಮೇಲೂ ಅದರಲ್ಲೇ ಒಂದು ಒಂದೂವರೆ ಗೇಮ್ ಎಳೆದಿರ್ತೀವಿ. ಆ ಒಂದೂವರೆ ಗೇಮ್ ನಿಜವಾಗಿ ಆಟ ಅಲ್ಲ ಕಣ್ರೀ, ಟೈಮಿಂಗ್ ಕೆಡ್ಸಿಕೊಳ್ಳೋದು. ಹಾಗಾಗಿ ಈ ಬರಹದಲ್ಲಿ ನಾನು ಬಾಳಿಕೆ ಅಂದಾಗೆಲ್ಲಾ ಶಟಲ್ ಎಷ್ಟು ಹೊತ್ತು ನೇರವಾಗಿ, ಒಂದೇ ದೂರಕ್ಕೆ ಹಾರ್ತು ಅನ್ನೋದನ್ನೇ ಲೆಕ್ಕಕ್ಕೆ ತಗೊಂಡಿದ್ದೀನಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಯಾವ ಕಂಪನಿ ಒಳ್ಳೇದು ಯಾವುದು ಕೆಟ್ಟದ್ದು ಅನ್ನೋ ಪಟ್ಟಿ ಇಲ್ಲಿಲ್ಲ. ಯೋನೆಕ್ಸ್ ತಗೊಳ್ಳಿ, ಏರೋಸೆನ್ಸಾ ಅನ್ನೋ ಒಂದೇ ಹೆಸರಲ್ಲಿ 2, 10, 20, 30, 40, 50 ಅಂತ ಬೇರೆ ಬೇರೆ ದರ್ಜೆ ಬಂದಿದೆ. ವಿಕ್ಟರ್, ಲಿ-ನಿಂಗ್, ಆರ್‌ಎಸ್‌ಎಲ್ ಎಲ್ಲರದ್ದೂ ಹೀಗೇ, ದೊಡ್ಡ ಟೂರ್ನಮೆಂಟಿಗೆ ಒಂದು, ಕ್ಲಬ್ ಆಟಕ್ಕೆ ಒಂದು, ಪ್ರಾಕ್ಟೀಸಿಗೆ ಒಂದು. ಹೆಸರು ಒಂದೇ ಆದ್ರೂ ಒಳಗಿನ ಗರಿ ಬೇರೆ, ಕಾರ್ಕ್ ಬೇರೆ. ಆದ್ದರಿಂದ ಲೇಬಲ್ ಬಿಟ್ಟು ಮಾಲು ನೋಡೋಣ.

ಗರಿ ಶಟಲ್‌ದು ಮೊದಲು. ನಿಯಮದ ಪ್ರಕಾರ 16 ಗರಿ, ಪ್ರತಿಯೊಂದರ ಉದ್ದ 62ರಿಂದ 70 ಮಿಲಿಮೀಟರ್ ಒಳಗೆ ಇರ್ಬೇಕು, ಒಂದು ಶಟಲ್‌ನಲ್ಲಿ ಎಲ್ಲಾ ಗರಿನೂ ಒಂದೇ ಉದ್ದ ಇರ್ಬೇಕು, ಮೇಲ್ಗಡೆ ಗರಿ ತುದಿಗಳ ವೃತ್ತದ ವ್ಯಾಸ 58ರಿಂದ 68 ಮಿಲಿಮೀಟರ್, ಕಾರ್ಕಿನ ವ್ಯಾಸ 25ರಿಂದ 28 ಮಿಲಿಮೀಟರ್, ಒಟ್ಟು ತೂಕ 4.74ರಿಂದ 5.50 ಗ್ರಾಂ. ಐದು ಗ್ರಾಂ ಆಸುಪಾಸಿನ ಈ ವಸ್ತುನ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರ ಏಪ್ರಿಲ್‌ನಲ್ಲಿ ಜಪಾನಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ರು. ರಾಕೆಟ್ ಬಿಟ್ಟ ಕ್ಷಣದ ವೇಗ ಅದು, ಆಮೇಲೆ ಗಾಳಿ ಹಿಡಿದು ಎಳೆಯುತ್ತೆ, ಎದುರಿನವರ ಹತ್ತಿರ ಬರೋ ಹೊತ್ತಿಗೆ ಅದರ ಸಣ್ಣ ಪಾಲು ಉಳಿದಿರುತ್ತೆ. ಅಷ್ಟು ಜೋರಾಗಿ ಹೊರಟಿದ್ದು ಅಷ್ಟು ಬೇಗ ನಿಧಾನ ಆಗೋದೇ ಬ್ಯಾಡ್ಮಿಂಟನ್, ಆ ಎಳೆತ ಪೂರ್ತಿ ಗರಿಗಳ ಮೇಲೇ ಬೀಳೋದು. ಹಾಗಾಗಿ ಗರಿಯ ಗುಣಮಟ್ಟ ಅಂದ್ರೆ ಬರೀ ನೋಟ ಅಲ್ಲ, ಪೂರ್ತಿ ಹಾರಾಟ ಅದರ ಮೇಲೇ ನಿಂತಿರೋದು.

ಇದರಲ್ಲಿ ಗೂಸ್, ಡಕ್ ಅಂತ ಎರಡು ಜಾತಿ, ಹೆಬ್ಬಾತಿನ ಗರಿ, ಬಾತುಕೋಳಿ ಗರಿ. ರೆಕ್ಕೆಯ ಎಲ್ಲಾ ಗರಿಯೂ ಕೆಲಸಕ್ಕೆ ಬರಲ್ಲ, ಒಂದು ರೆಕ್ಕೆಯಲ್ಲಿ ಉದ್ದ, ಬಾಗು, ದಪ್ಪ ಸರಿಯಿರೋ ಬೆರಳೆಣಿಕೆಯಷ್ಟು ಗರಿ ಮಾತ್ರ ಸಿಗೋದು. ಅದರ ಮೇಲೆ ಒಂದು ಶಟಲ್‌ನ 16 ಗರಿನೂ ಒಂದೇ ಕಡೆಯ ರೆಕ್ಕೆಯದ್ದಾಗಿರ್ಬೇಕು, ಎಡ ಅಂದ್ರೆ ಎಲ್ಲಾ ಎಡ, ಬಲ ಅಂದ್ರೆ ಎಲ್ಲಾ ಬಲ. ಎರಡೂ ಬೆರೆಸಿದ್ರೆ ಒಂದರ ಬಾಗು ಈ ಕಡೆ ಇನ್ನೊಂದರ ಬಾಗು ಆ ಕಡೆ ಆಗಿ ಶಟಲ್ ತಿರುಗೋದೇ ಇಲ್ಲ, ತಿರುಗದ ಶಟಲ್ ನೇರ ಹಾರಲ್ಲ. ಹೀಗೆ ಆರಿಸ್ತಾ ಆರಿಸ್ತಾ ಹೋದ್ರೆ ಒಂದೇ ಒಂದು ಶಟಲ್‌ಗೂ ಒಂದಕ್ಕಿಂತ ಹೆಚ್ಚು ಹಕ್ಕಿ ಬೇಕು. ಇದು ತಿಳಿದ ಮೇಲೆ ಮುರಿದ ಶಟಲ್‌ನ ಕಾಲಲ್ಲಿ ಒದೆಯೋಕೆ ಮನಸ್ಸು ಬರಲ್ಲ ನನಗೆ.

ಗೂಸ್‌ಗೂ ಡಕ್‌ಗೂ ವ್ಯತ್ಯಾಸ ಕಣ್ಣಲ್ಲೇ ಸ್ವಲ್ಪ ಕಾಣುತ್ತೆ. ಎರಡನ್ನೂ ಒಟ್ಟಿಗೆ ಕೈಲಿ ಹಿಡ್ಕೊಂಡು ಟ್ಯೂಬ್‌ಲೈಟಿಗೆ ಎದುರಾಗಿ ನೋಡಿ, ಕಾರ್ಕ್ ಕಡೆಯಿಂದ. ಒಳ್ಳೆ ಗೂಸ್‌ನಲ್ಲಿ ಗರಿಯ ದಂಟು ದಪ್ಪ, ಬುಡದಿಂದ ತುದಿಗೆ ಹೋಗ್ತಾ ನಿಧಾನಕ್ಕೆ ಸಣ್ಣ ಆಗುತ್ತೆ, ಹದಿನಾರೂ ಒಂದೇ ಅಳತೆ ಅನ್ಸುತ್ತೆ. ಡಕ್‌ನಲ್ಲಿ ದಂಟು ತೆಳ್ಳಗೆ, ದಾರ ಕಟ್ಟಿದ ಜಾಗದ ಮೇಲೆ ಬೇಗ ಸಣ್ಣ ಆಗಿಬಿಡುತ್ತೆ, ಅಲ್ಲೇ ಮುರಿಯೋದು. ಗರಿಯ ಅಗಲದ ಭಾಗ ಕೂಡ ಗೂಸ್‌ದು ಒತ್ತಾಗಿರುತ್ತೆ, ಬೆರಳಲ್ಲಿ ಸವರಿದ್ರೆ ಎಳೆ ಬಿಚ್ಚಿಕೊಳ್ಳಲ್ಲ. ಬಿಳುಪು ನೋಡಿ ಮಾತ್ರ ಮೋಸ ಹೋಗ್ಬೇಡಿ, ಬಣ್ಣ ತೆಗೆದು ಬೆಳ್ಳಗೆ ಮಾಡಿರ್ತಾರೆ, ಬೆಳ್ಳಗಿದೆ ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ. ನಮ್ಮ ನೋಟ್‌ಬುಕ್ಕಲ್ಲಿ ತೀರಾ ಸ್ವಚ್ಛ ಬಿಳಿ ಇದ್ದ ಒಂದು ಡಬ್ಬಿಗಿಂತ ಸ್ವಲ್ಪ ಕೆನೆ ಬಣ್ಣಕ್ಕಿದ್ದ ಇನ್ನೊಂದು ಡಬ್ಬಿನೇ ಜಾಸ್ತಿ ಹೊತ್ತು ಬಂದಿದೆ.

ನಮ್ಮ ಆಟದ ಲೆಕ್ಕ ಹೇಳ್ತೀನಿ, ನಾವು ಮಧ್ಯಮ ಮಟ್ಟದೋರು, ಸ್ಮ್ಯಾಶ್ ಜೋರಾಗೇ ಹೊಡೀತೀವಿ ಆದ್ರೆ ಪ್ರೊಫೆಷನಲ್‌ಗಳಲ್ಲ. ಒಳ್ಳೆ ದರ್ಜೆ ಗೂಸ್ ಶಟಲ್ ನಮ್ಮ ಕೈಲಿ 21 ಪಾಯಿಂಟಿನ ಎರಡು ಗೇಮ್ ನೇರವಾಗಿ ಹಾರಿದೆ, ಕೆಲವು ಮೂರನೇ ಗೇಮಿಗೂ ಬಂದಿವೆ. ಡಕ್ ಶಟಲ್ ಒಂದು ಗೇಮ್ ಮುಗಿಸಿದ್ರೆ ಖುಷಿ, ಎಷ್ಟೋ ಸಲ ಗೇಮ್ ಮಧ್ಯದಲ್ಲೇ ಹೊಸದು ತೆಗೆದಿದ್ದೀವಿ. ಆದ್ರೆ ಇದಕ್ಕಿಂತ ನನಗೆ ಮುಖ್ಯ ಅನ್ಸಿದ್ದು ಅವು ಹೇಗೆ ಕೆಡ್ತವೆ ಅನ್ನೋದು. ಗೂಸ್ ನಿಧಾನಕ್ಕೆ ಸವೆಯುತ್ತೆ, ಗರಿ ಅಂಚು ಸ್ವಲ್ಪ ಸ್ವಲ್ಪ ಹರಿಯುತ್ತೆ, ಆಡೋರಿಗೆ ಒಗ್ಗಿಕೊಳ್ಳೋಕೆ ಟೈಮ್ ಸಿಗುತ್ತೆ. ಡಕ್ ಟಕ್ ಅಂತ ಒಂದೇ ಹೊಡೆತಕ್ಕೆ ದಂಟು ಮುರ್ಕೊಂಡು ಮುಂದಿನ ಲಿಫ್ಟ್ (ಕೆಳಗಿನಿಂದ ಎತ್ತಿ ಹೊಡೆಯೋದು) ಎಲ್ಲಿಗೋ ಹೋಗುತ್ತೆ. ಒಂದು ಸಲ 19-19 ಇದ್ದಾಗ ಹಾಗಾಯ್ತು, ನನ್ನ ಪಾರ್ಟ್ನರ್ ಹಿಂದೆ ಸರಿದು ಸ್ಮ್ಯಾಶಿಗೆ ರೆಡಿ ಆಗಿದ್ದಾನೆ, ಶಟಲ್ ಮೇಲೆ ಹೋಗಿ ಅಲ್ಲೇ ಗಿರಗಿರ ಅಂತ ಅಡ್ಡಡ್ಡ ಬಿದ್ದು ಅವನ ಮುಂದೆ ಒಂದು ಮೀಟರ್ ದೂರದಲ್ಲಿ ಇಳೀತು. ನೋಡಿದ್ರೆ ಮೂರು ಗರಿ ದಾರದ ಮೇಲೆ ಕತ್ತರಿಸಿದ ಹಾಗೆ ಹೋಗಿದೆ. ಶಟಲ್ ನಂಬರ್ 23, ಆಡಿದ್ದು ಒಂದೇ ಗೇಮ್, ಅದೂ ಪೂರ್ತಿ ಅಲ್ಲ.

ಈಗ ಕಾರ್ಕ್. ಎಲ್ಲರೂ ಗರಿ ನೋಡ್ತಾರೆ, ಕಾರ್ಕ್ ಕಡೆ ಯಾರೂ ನೋಡಲ್ಲ, ನನ್ನ ಅಭಿಪ್ರಾಯದಲ್ಲಿ ಶಟಲ್‌ನ ಅರ್ಧ ಗುಣಮಟ್ಟ ಅಲ್ಲೇ ಇರೋದು. ಮೂರು ಥರ ಬರುತ್ತೆ. ಒಂದು, ಪೂರ್ತಿ ಮರದ ತೊಗಟೆಯ ಕಾರ್ಕು, ಒಂದೇ ತುಂಡು ಅಥವಾ ಎರಡು ಮೂರು ಪದರ ಅಂಟಿಸಿರೋದು. ಎರಡು, ಕಾರ್ಕ್ ಪುಡಿನ ಅಂಟು ಹಾಕಿ ಒತ್ತಿ ಮಾಡಿರೋ ತಳ, ಅದರ ಜೊತೆ ತೆಳ್ಳಗೆ ಒಳ್ಳೆ ಕಾರ್ಕಿನ ಪದರ. ಮೂರು, ಪೂರ್ತಿ ಫೋಮ್. ಹೊರಗಡೆ ಬಿಳಿ ಚರ್ಮದಂಥ ಹೊದಿಕೆ ಇರೋದ್ರಿಂದ ಅಂಗಡಿಯಲ್ಲಿ ಯಾವುದೂ ಗೊತ್ತಾಗಲ್ಲ. ಹಳೇ ಶಟಲ್ ಬಿಸಾಕೋ ಮುಂಚೆ ಒಂದು ಸಲ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿ. ಒಳ್ಳೇದ್ರಲ್ಲಿ ಒಂದೇ ಸಮನೆ ಕಂದು ಬಣ್ಣ, ಸಣ್ಣ ಸಣ್ಣ ತೂತು, ಉಗುರಲ್ಲಿ ಒತ್ತಿದ್ರೆ ಒಳಗೆ ಹೋಗಿ ಮತ್ತೆ ಎದ್ದು ಬರುತ್ತೆ. ಪುಡಿ ಒತ್ತಿರೋದು ಬೇರೆ ಬೇರೆ ಬಣ್ಣದ ಕಾಳು ಕಾಳಾಗಿ ಕಾಣುತ್ತೆ, ಜಾಸ್ತಿ ಆಡಿದ್ರೆ ಹೊಡೆತ ಬಿದ್ದ ಕಡೆ ಪುಡಿ ಪುಡಿಯಾಗಿ ಉದುರುತ್ತೆ. ನಾನು ಸೀಳಿದ ಒಂದ್ರಲ್ಲಿ ಹೊರ ಹೊದಿಕೆ ನೀಟಾಗಿತ್ತು, ಒಳಗೆ ಒಂದು ಮಗ್ಗುಲು ಪೂರ್ತಿ ಸಡಿಲ ಆಗಿ ಗರಿಯ ಬುಡ ಅಲ್ಲಾಡ್ತಿತ್ತು. ಆ ಶಟಲ್ ಎದುರು ನೋಟ್‌ಬುಕ್ಕಲ್ಲಿ "ಗರಿ ಚೆನ್ನಾಗಿದೆ, ಯಾಕೆ ಓಲಾಡ್ತಿದೆ ಗೊತ್ತಿಲ್ಲ" ಅಂತ ಬರೆದಿದ್ದೆ. ಉತ್ತರ ಒಳಗಿತ್ತು.

ಕಾರ್ಕ್ ಸತ್ತಿದೆ ಅಂತ ಸೀಳದೇನೂ ಗೊತ್ತಾಗುತ್ತೆ, ಶಬ್ದ ಕೇಳಿ. ಹೊಸ ಕಾರ್ಕ್ ಗಟ್ (ರಾಕೆಟ್‌ನ ತಂತಿ ಹೆಣಿಗೆ) ಮಧ್ಯಕ್ಕೆ ಸಿಕ್ಕಿದ್ರೆ ಠಣ್ ಅಂತ ಸದ್ದು, ಕೈಗೆ ಹಗುರ. ಸತ್ತ ಕಾರ್ಕ್ ದಬ್ ಅನ್ನುತ್ತೆ, ಹೊಡೆತದ ಬಲ ಅದರೊಳಗೇ ಇಂಗಿ ಹೋಗುತ್ತೆ, ಕ್ಲಿಯರ್ ಹಿಂದಿನ ಗೆರೆವರೆಗೆ ಹೋಗಲ್ಲ, ನಾವು ಭುಜಕ್ಕೆ ಜೋರು ಕೊಡ್ತೀವಿ. ಹೆಬ್ಬೆರಳಲ್ಲಿ ಕಾರ್ಕ್ ತಳ ಒತ್ತಿ ನೋಡೋದು ಇನ್ನೊಂದು ದಾರಿ, ಹೊಸದನ್ನೂ ಹಳೇದನ್ನೂ ಒಂದೊಂದು ಕೈಲಿ ಹಿಡಿದು ಒತ್ತಿದ್ರೆ ಯಾರಿಗಾದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಅಂಟು ಮತ್ತು ದಾರ. ದಂಟುಗಳನ್ನ ಸುತ್ತಿ ಎರಡು ಸಾಲು ದಾರ ಹಾಕಿ ಮೇಲೆ ಗಮ್ ಬಳಿದಿರ್ತಾರೆ. ಗಮ್ ಜಾಸ್ತಿ ಆದ್ರೆ ಗಟ್ಟಿ, ಆದ್ರೆ ಒಂದು ಕಡೆ ದಪ್ಪ ಆದ್ರೆ ತೂಕ ಆ ಕಡೆಗೆ ಎಳೆದು ಶಟಲ್ ವಾಲುತ್ತೆ. ಕಮ್ಮಿ ಆದ್ರೆ ದಾರ ಜಾರಿ ಗರಿ ಒಂದರ ಮೇಲೊಂದು ಏರುತ್ತೆ. ಹೊಸ ಶಟಲ್‌ನ ದಾರದ ಸಾಲಿನ ಮೇಲೆ ಉಗುರು ಸವರಿ ನೋಡಿ, ಸುತ್ತಲೂ ಒಂದೇ ಥರ ನುಣುಪಾಗಿರ್ಬೇಕು, ಎಲ್ಲೂ ಗಂಟು ಸಿಗಬಾರದು.

ಒಂದು ಡಬ್ಬಿ ವಿಷಯ ಹೇಳ್ಲೇಬೇಕು, ಹೆಸರು ಬೇಡ. ಗರಿ ನೋಡಿದ್ರೆ ಮೊದಲ ದರ್ಜೆ, ಮೇಲಿಂದ ತೆಗೆದ ಮೂರು ಶಟಲ್ ಅದ್ಭುತವಾಗಿ ಹಾರಿದ್ವು, ನಾವೆಲ್ಲಾ ಇನ್ಮೇಲೆ ಇದೇ ತರೋಣ ಅಂತ ತೀರ್ಮಾನ ಮಾಡಿಬಿಟ್ವಿ. ನಾಲ್ಕನೇದು ಮೊದಲ ಸರ್ವ್‌ನಿಂದಲೇ ಅಲ್ಲಾಡ್ತು. ಐದನೇದು ಸರಿ. ಆರು, ಏಳು ಎರಡೂ ಅಲ್ಲಾಡಿದ್ವು. ಹನ್ನೆರಡರಲ್ಲಿ ನಾಲ್ಕು ಆಡೋಕೆ ಮುಂಚೆನೇ ಪಕ್ಕಕ್ಕೆ ಹೋದ್ವು. ಉಳಿದ ಎಂಟು ಎಷ್ಟೇ ಬಾಳಲಿ, ಆ ಡಬ್ಬಿನ ನಾನು ಒಳ್ಳೇದು ಅನ್ನಲ್ಲ, ಯಾಕಂದ್ರೆ ಗುಣಮಟ್ಟ ಅಂದ್ರೆ ಹನ್ನೆರಡೂ ಒಂದೇ ಥರ ಇರೋದು. ದೊಡ್ಡ ಟೂರ್ನಮೆಂಟ್ ದರ್ಜೆಯ ಶಟಲ್‌ಗೂ ಕ್ಲಬ್ ದರ್ಜೆಗೂ ನಾನು ಕಂಡ ಅತಿ ದೊಡ್ಡ ವ್ಯತ್ಯಾಸನೂ ಇದೇ. ಮೇಲಿನ ದರ್ಜೆ ಬಾಳಿಕೆಯಲ್ಲಿ ಎರಡು ಪಟ್ಟು ಮೂರು ಪಟ್ಟು ಏನೂ ಬರಲ್ಲ, ಸ್ವಲ್ಪ ಜಾಸ್ತಿ ಬರುತ್ತೆ ಅಷ್ಟೇ, ಆದ್ರೆ ಡಬ್ಬಿಗೆ ಕೈ ಹಾಕಿ ಯಾವುದು ತೆಗೆದ್ರೂ ಹಿಂದಿನದ್ದರ ಹಾಗೇ ಹಾರುತ್ತೆ. ಇದನ್ನ ಕಂಡುಹಿಡಿಯೋಕೆ ಆಡಲೇಬೇಕು ಅಂತಿಲ್ಲ, ಕಾರ್ಕ್ ಕೆಳಗೆ ಮಾಡಿ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ತಿರುಗಿಸಿ ಚಿಮ್ಮಿಸಿ, ಬುಗುರಿ ಥರ ಒಂದೇ ಕಡೆ ನಿಂತು ತಿರುಗಿದ್ರೆ ಸರಿ, ಬಾಲ ಅಗಲವಾಗಿ ಸುತ್ತು ಹೊಡೆದ್ರೆ ಪಕ್ಕಕ್ಕಿಡಿ.

ಹೆಸರಾಂತ ಕಂಪನಿಯ ಡಬ್ಬಿ ಅಂತ ತಂದು ನಕಲಿ ಸಿಕ್ಕಿರೋರೂ ಇದ್ದಾರೆ. ಸೀಲ್ ಒಡೆದಿದ್ರೆ, ಮುಚ್ಚಳ ಸಡಿಲ ಇದ್ರೆ, ಕಾರ್ಕ್ ಮೇಲಿನ ಅಚ್ಚು ಮಸುಕಾಗಿದ್ರೆ ತಗೊಳ್ಳಬೇಡಿ.

ಸ್ಪೀಡ್ ನಂಬರ್ ಬಗ್ಗೆ ತುಂಬಾ ಜನಕ್ಕೆ ಗೊಂದಲ ಇದೆ, ಬಾಳಿಕೆಗೂ ಅದಕ್ಕೂ ಸಂಬಂಧ ಇದೆ ಅಂತ ನನಗೂ ಗೊತ್ತಿರಲಿಲ್ಲ. ಡಬ್ಬಿ ಮುಚ್ಚಳದ ಮೇಲೆ 75, 76, 77, 78 ಅಂತ ಇರುತ್ತಲ್ಲ, ಅದು ಗ್ರೇನ್ ಅನ್ನೋ ಹಳೇ ತೂಕದ ಅಳತೆಯಿಂದ ಬಂದಿದ್ದು, 77 ಗ್ರೇನ್ ಅಂದ್ರೆ ಹತ್ತಿರ ಹತ್ತಿರ 5 ಗ್ರಾಂ. ನಂಬರ್ ಜಾಸ್ತಿ ಆದ್ರೆ ಶಟಲ್ ವೇಗ ಜಾಸ್ತಿ. ಯೋನೆಕ್ಸ್ ಗರಿ ಶಟಲ್‌ಗಳಲ್ಲಿ 1ರಿಂದ 5ರವರೆಗಿನ ನಂಬರ್ ಇರುತ್ತೆ, 2 ಅಂದ್ರೆ ನಿಧಾನ, 3 ಮಧ್ಯಮ, 4 ವೇಗ. ಬಿಸಿ ಗಾಳಿ, ಎತ್ತರದ ಜಾಗದ ಗಾಳಿ ತೆಳು, ಎಳೆತ ಕಮ್ಮಿ, ಶಟಲ್ ಉದ್ದ ಹೋಗುತ್ತೆ, ಅಲ್ಲಿಗೆ ಕಮ್ಮಿ ನಂಬರ್ ಬೇಕು. ಚಳಿಯಲ್ಲಿ ಗಾಳಿ ಗಟ್ಟಿ, ಜಾಸ್ತಿ ನಂಬರ್ ಬೇಕು. ನಾವು ಚಳಿ ದಿನಗಳಲ್ಲಿ ಕಮ್ಮಿ ನಂಬರಿನ ಶಟಲ್ ಇಟ್ಕೊಂಡು ಆಡಿದಾಗ ಬೇಗ ಬೇಗ ಮುರೀತಿತ್ತು, ಗರಿ ಕೆಟ್ಟದ್ದು ಅಂದ್ಕೊಂಡ್ವಿ. ನಿಜವಾಗಿ ಆಗಿದ್ದು ಏನಂದ್ರೆ ಶಟಲ್ ಹಿಂದಕ್ಕೆ ಹೋಗ್ತಿಲ್ಲ ಅಂತ ಎಲ್ಲರೂ ಮಾಮೂಲಿಗಿಂತ ಜೋರಾಗಿ ಬೀಸ್ತಿದ್ವಿ, ಜೊತೆಗೆ ಚಳಿಗೆ ಗರಿ ಒಣಗಿತ್ತು.

ಸ್ಪೀಡ್ ಸರಿ ಇದೆಯಾ ಅಂತ ನೋಡೋಕೆ ನಿಯಮದಲ್ಲೇ ಒಂದು ಪರೀಕ್ಷೆ ಇದೆ. ಹಿಂದಿನ ಗೆರೆ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲ ಹಾಕಿ, ಪಕ್ಕದ ಗೆರೆಗೆ ಸಮಾನಾಂತರವಾಗಿ, ಮೇಲ್ಮುಖವಾಗಿ ಹೊಡೀಬೇಕು. ಆ ಕಡೆಯ ಹಿಂದಿನ ಗೆರೆಯಿಂದ ಒಳಗಡೆಗೆ, 530 ಮಿಲಿಮೀಟರಿಗಿಂತ ಹತ್ತಿರ ಅಲ್ಲದೆ, 990 ಮಿಲಿಮೀಟರಿಗಿಂತ ದೂರ ಅಲ್ಲದೆ ಬಿದ್ರೆ ಸರಿಯಾದ ಸ್ಪೀಡ್. ಕೆಲವು ಕೋರ್ಟಲ್ಲಿ ಹಿಂದೆ ಒಳಗಿನ ಪಕ್ಕದ ಗೆರೆ ಹತ್ತಿರ ಸಣ್ಣ ಚೌಕದ ಗುರುತು ಇರೋದು ಇದಕ್ಕೇನೇ. ನಾನು ಈ ಪರೀಕ್ಷೆನ ಬಾಳಿಕೆ ಅಳೆಯೋಕೂ ಬಳಸ್ದೆ, ಗೇಮ್ ಶುರುವಿಗೆ ಒಂದು ಸಲ, ಪ್ರತಿ ಗೇಮ್ ಮುಗಿದ ಮೇಲೆ ಒಂದು ಸಲ, ಒಬ್ಬನೇ ಹೊಡೆಯೋದು. ಗೂಸ್ ಒಳ್ಳೆ ದರ್ಜೆದು ಎರಡನೇ ಗೇಮ್ ಆದ್ಮೇಲೂ ಆ ಎರಡು ಗುರುತಿನ ಮಧ್ಯೆನೇ ಬಿತ್ತು. ಬೇರೆಯವು ಒಂದು ಗೇಮಿಗೇ ಒಂದು ಸಲ ಹತ್ತಿರ ಒಂದು ಸಲ ದೂರ ಬೀಳೋಕೆ ಶುರು ಮಾಡಿದ್ವು. ಗರಿ ಪೂರ್ತಿ ಇದ್ರೂನೂ!

ಗರಿ ತುದಿ ಮಡಚೋ ಅಭ್ಯಾಸ ಬಗ್ಗೆ ಒಂದು ಮಾತು. ಶಟಲ್ ಉದ್ದ ಹೋದ್ರೆ ತುದಿನ ಹೊರಕ್ಕೆ ಮಡಚಿ ನಿಧಾನ ಮಾಡೋರಿದ್ದಾರೆ. ಮ್ಯಾಚಲ್ಲಿ ಆಟಗಾರರು ಹಾಗೆ ಶಟಲ್ ಮಾರ್ಪಡಿಸೋದು ನಿಯಮಕ್ಕೆ ವಿರುದ್ಧ, ಅದು ಒಂದು ಕಡೆ ಇರಲಿ, ಮಡಚಿದ ಜಾಗದಲ್ಲೇ ಗರಿ ಸೀಳುತ್ತೆ. ಮಡಚೋ ಬದಲು ಒಂದು ನಂಬರ್ ಕಮ್ಮಿದು ತಗೊಳ್ಳಿ.

ಇನ್ನು ನೈಲಾನ್. ಯೋನೆಕ್ಸ್ ಮಾವಿಸ್ 350 ಹೆಸರು ಬ್ಯಾಡ್ಮಿಂಟನ್ ಆಡೋ ಯಾರಿಗೆ ಗೊತ್ತಿಲ್ಲ ಹೇಳಿ, ಗರಿ ಬದಲು ಲಂಗದ ಥರದ ಹಳದಿ ಅಥವಾ ಬಿಳಿ ಪ್ಲಾಸ್ಟಿಕ್ ಬಲೆ ಇರೋದು, ಆರರ ಡಬ್ಬಿ. ಅದರ ಮೇಲಿನ ಪಟ್ಟಿ ಬಣ್ಣ ಸ್ಪೀಡ್ ಹೇಳುತ್ತೆ, ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಬರೀ ಮುರಿಯೋ ಲೆಕ್ಕ ಹಾಕಿದ್ರೆ ನೈಲಾನ್‌ಗೆ ಎದುರೇ ಇಲ್ಲ. ಗರಿ ಶಟಲ್ ಗೇಮಲ್ಲಿ ಲೆಕ್ಕ ಹಾಕಿದ್ರೆ ಇದನ್ನ ದಿನಗಳಲ್ಲಿ ಲೆಕ್ಕ ಹಾಕ್ಬೇಕು, ನಮ್ಮಲ್ಲಿ ಒಂದು ನೈಲಾನ್ ಎಂಟು ದಿನ ಬಂದಿದೆ, ಅದೂ ಪ್ರತಿದಿನ ಮೂರು ನಾಲ್ಕು ಗೇಮ್. ಫ್ರೇಮಿಗೆ ಹೊಡೆದ್ರೂ ತಡ್ಕೊಳ್ಳುತ್ತೆ, ನೆಲಕ್ಕೆ ಬಿದ್ದ ಮೇಲೆ ರಾಕೆಟಲ್ಲಿ ಕೆರೆದು ಎತ್ತಿದ್ರೂ ತಡ್ಕೊಳ್ಳುತ್ತೆ.

ಆದ್ರೆ ಹಾರಾಟ ಬೇರೆ, ಇದನ್ನ ಸುಳ್ಳು ಹೇಳಿ ಮುಚ್ಚಿಡೋಕಾಗಲ್ಲ. ಗರಿ ಶಟಲ್ ಮೇಲೆ ಹೋಗಿ ತುದಿಯಲ್ಲಿ ನಿಂತ ಹಾಗಾಗಿ ನೆಟ್ಟಗೆ ಕೆಳಗೆ ಬೀಳುತ್ತೆ, ನೈಲಾನ್ ಇನ್ನೂ ಮುಂದಕ್ಕೆ ತೇಲ್ಕೊಂಡು ಹೋಗುತ್ತೆ. ಜೋರಾಗಿ ಸ್ಮ್ಯಾಶ್ ಹೊಡೆದಾಗ ನೈಲಾನಿನ ಲಂಗ ಗಾಳಿಗೆ ಒಳಕ್ಕೆ ಕುಗ್ಗುತ್ತೆ, ಎಳೆತ ಕಮ್ಮಿ ಆಗಿ ಎದುರಿನವರಿಗೆ ಬೇಗ ತಲುಪುತ್ತೆ. ನೆಟ್ ಹತ್ತಿರದ ಆಟದಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ, ಗರಿ ಶಟಲ್‌ನ ಸವರಿ ನೆಟ್ ಮೇಲೆ ಉರುಳಿಸ್ದಾಗ ಅದು ಪಲ್ಟಿ ಹೊಡೀತಾ ದಾಟೋದು ಇದ್ಯಲ್ಲ, ಆ ಆಟ ನೈಲಾನಲ್ಲಿ ಆಗೋದೇ ಇಲ್ಲ ಅನ್ನಬಹುದು. ಒಂದು ವಾರ ಬರೀ ನೈಲಾನ್ ಆಡಿ ಗರಿಗೆ ವಾಪಸ್ ಬಂದಾಗ ನನ್ನ ಸ್ಮ್ಯಾಶ್ ಎಲ್ಲಾ ನೆಟ್‌ಗೆ, ಯಾಕಂದ್ರೆ ಶಟಲ್ ಇನ್ನೂ ಮುಂದೆ ಬರುತ್ತೆ ಅಂತ ಕೈ ಕಾಯ್ತಿತ್ತು, ಅದು ಆಗಲೇ ಕೆಳಗೆ ಬಂದಿರ್ತಿತ್ತು. ನಿಯಮ ಗರಿಯಲ್ಲದ ಶಟಲ್‌ಗೂ ಅವಕಾಶ ಕೊಟ್ಟಿದೆ, ಅಳತೆ ತೂಕದಲ್ಲಿ ಶೇಕಡ 10ರವರೆಗೆ ವ್ಯತ್ಯಾಸ ಒಪ್ಪುತ್ತೆ, ಆದ್ರೆ ಹಾರಾಟ ಗರಿಯ ಹತ್ತಿರ ಇರ್ಬೇಕು ಅನ್ನುತ್ತೆ. ಕಷ್ಟ ಇರೋದೇ ಅಲ್ಲಿ.

ನೈಲಾನ್ ಕೂಡ ಸಾಯುತ್ತೆ, ಆದ್ರೆ ಸತ್ತಿದ್ದು ಗೊತ್ತಾಗಲ್ಲ. ಲಂಗ ಮೊದಲಿನ ದುಂಡಗೆ ಬಿಟ್ಟು ಮೊಟ್ಟೆ ಆಕಾರಕ್ಕೆ ಬಂದಿರುತ್ತೆ, ಮೇಲಿಂದ ನೋಡಿದ್ರೆ ಕಾಣುತ್ತೆ. ಎಂಟು ದಿನ ಬಂತು ಅಂದ್ನಲ್ಲ, ಅದರಲ್ಲಿ ನೇರವಾಗಿ ಹಾರಿದ್ದು ಐದು ದಿನ ಅಂತ ನೋಟ್‌ಬುಕ್ ಹೇಳುತ್ತೆ, ಉಳಿದ ಮೂರು ದಿನ ಮುರಿದಿಲ್ವಲ್ಲ ಅಂತ ಆಡಿದ್ದು. ಚಳಿ ಇದ್ರೆ ಪ್ಲಾಸ್ಟಿಕ್ ಗಡುಸಾಗಿ ಬಿರುಕು ಬೇಗ ಬಿಡುತ್ತೆ, ಆಗ ಆಡೋಕೆ ಮುಂಚೆ ಡಬ್ಬಿನ ಸ್ವಲ್ಪ ಹೊತ್ತು ಬೆಚ್ಚಗಿರೋ ಕಡೆ ಇಟ್ಟಿದ್ರೆ ಒಳ್ಳೇದು.

ಹೈಬ್ರಿಡ್ ಅಂದ್ರೆ ಮೂರನೇ ಗೆಳೆಯನ ಪ್ರೀತಿಯದ್ದು. ಕೆಳಗಿನ ದಂಟಿನ ಭಾಗ ಪ್ಲಾಸ್ಟಿಕ್ ಅಥವಾ ಕಾರ್ಬನ್, ಮೇಲೆ ಅಗಲದ ಭಾಗ ಮಾತ್ರ ನಿಜವಾದ ಗರಿ. ಗರಿ ಶಟಲ್ ಜಾಸ್ತಿ ಮುರಿಯೋದು ದಂಟಲ್ಲೇ ಅಲ್ವಾ, ಆ ಜಾಗವನ್ನೇ ಗಟ್ಟಿ ಮಾಡಿದ್ದಾರೆ, ಯೋಚನೆ ಸರಿಯಾಗಿದೆ. ನಾನು ಹೆಚ್ಚು ನಿರೀಕ್ಷೆ ಇಟ್ಕೊಂಡಿರಲಿಲ್ಲ, ಆದ್ರೆ ನಮ್ಮ ಪಟ್ಟಿಯಲ್ಲಿ ಇದು ಸರಾಸರಿ ನಾಲ್ಕು ಗೇಮ್ ನೇರವಾಗಿ ಹಾರಿದೆ, ಒಳ್ಳೆ ಗೂಸ್‌ನ ಎರಡರಷ್ಟು. ಹಾರಾಟ ನೈಲಾನ್‌ಗಿಂತ ಗರಿಗೇ ಹತ್ತಿರ, ಕ್ಲಿಯರ್, ಡ್ರೈವ್ ಎಲ್ಲಾ ಗರಿ ಥರಾನೇ. ಕೈಗೆ ಸ್ವಲ್ಪ ಗಡುಸು, ನೆಟ್ ಶಾಟಲ್ಲಿ ಸ್ವಲ್ಪ ಒರಟು. ಕೆಡೋದು ಹೇಗೆ ಅಂದ್ರೆ ಮೇಲಿನ ಗರಿ ಪ್ಲಾಸ್ಟಿಕಿಂದ ಕಿತ್ಕೊಂಡು ಬರುತ್ತೆ, ಜೋಡಿಸಿದ ಜಾಗದಲ್ಲಿ. ಅದು ಸರಿಯಾಗಿ ಅಂಟಿದ್ಯಾ ಅಂತ ಕೊಳ್ಳೋವಾಗ ನೋಡ್ಬೇಕು.

ಪೂರ್ತಿ ಕೃತಕ ಗರಿದು ಅಂತ ಇನ್ನೊಂದಿದೆ, ನೈಲಾನ್ ಲಂಗ ಅಲ್ಲ, ಒಂದೊಂದು ಗರಿನೂ ಬಿಡಿ ಬಿಡಿಯಾಗಿ ಪ್ಲಾಸ್ಟಿಕಲ್ಲಿ ಮಾಡಿರೋದು. ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ 2020ರಲ್ಲೇ ಇಂಥದ್ದನ್ನ ತನ್ನ ಟೂರ್ನಮೆಂಟಲ್ಲಿ ಬಳಸಬಹುದು ಅಂತ ಒಪ್ಪಿಗೆ ಕೊಡ್ತು. ನಾನು ಎರಡೇ ಶಟಲ್ ಆಡಿರೋದ್ರಿಂದ ಇದರ ಮೇಲೆ ತೀರ್ಪು ಕೊಡಲ್ಲ, ಇನ್ನೂ ಒಂದು ಡಬ್ಬಿ ಆಡ್ಬೇಕು.

ಈಗ ನನಗೆ ತುಂಬಾ ಮುಖ್ಯ ಅನ್ಸಿದ್ದಕ್ಕೆ ಬರ್ತೀನಿ, ಆವಿ ಕೊಡೋದು. ನಮ್ಮ ಜೊತೆ ಆಡೋ ಹಿರಿಯರೊಬ್ಬರು ಎಷ್ಟೋ ದಿನದಿಂದ "ಗರಿ ಅಂದ್ರೆ ಜೀವ ಇದ್ದಿದ್ದು ಕಣಪ್ಪಾ, ಒಣಗಿಸಿ ಹೊಡೆದ್ರೆ ಮುರಿಯದೆ ಏನ್ಮಾಡುತ್ತೆ" ಅಂತ ಹೇಳ್ತಾನೇ ಇದ್ರು, ನಾನು ತಲೆಗೆ ಹಾಕ್ಕೊಂಡಿರಲಿಲ್ಲ. ಒಂದೇ ಥರದ ಎರಡು ಡಬ್ಬಿ ತಗೊಂಡು ಒಂದಕ್ಕೆ ಮಾತ್ರ ಆವಿ ಕೊಟ್ಟು ನೋಡ್ದೆ. ಎರಡೂ ಕಡೆ ಮುಚ್ಚಳ ತೆಗೆದು, ಗರಿ ಇರೋ ಕಡೆನ ಕುದಿಯೋ ನೀರಿನ ಆವಿಗೆ ಕೆಲವೇ ಸೆಕೆಂಡ್ ಹಿಡಿದು, ಮುಚ್ಚಳ ಹಾಕಿ ರಾತ್ರಿ ಇಡೀ ಬಿಟ್ಟು ಮಾರನೇ ದಿನ ಆಡೋದು. ಆವಿ ಕೊಟ್ಟ ಶಟಲ್‌ನ ಗರಿನ ಬೆರಳಲ್ಲಿ ಬಗ್ಗಿಸಿದ್ರೆ ಬಗ್ಗಿ ವಾಪಸ್ ಬರುತ್ತೆ, ಕೊಡದ್ದು ಚರ್ ಅನ್ನುತ್ತೆ. ಆವಿ ಕೊಟ್ಟ ಡಬ್ಬಿದು ಸರಾಸರಿ ಎರಡೂವರೆ ಗೇಮ್ ಬಂತು, ಕೊಡದ್ದು ಒಂದೂವರೆ. ಅದೇ ಕಂಪನಿ, ಅದೇ ದರ್ಜೆ, ಅದೇ ನಾಲ್ಕು ಜನ. ಮೇಲಿನ ದರ್ಜೆ ಕೊಂಡ್ರೂ ನಮಗೆ ಇಷ್ಟು ವ್ಯತ್ಯಾಸ ಸಿಕ್ಕಿರಲಿಲ್ಲ, ನನಗೆ ಇದೇ ದೊಡ್ಡ ಆಶ್ಚರ್ಯ.

ಜಾಸ್ತಿ ಕೊಟ್ರೆ ಕೆಡುತ್ತೆ ಅನ್ನೋದೂ ಗೊತ್ತಿರಲಿ. ಇನ್ನೂ ಚೆನ್ನಾಗಿ ಬರುತ್ತೆ ಅಂತ ಒಂದು ಡಬ್ಬಿನ ತುಂಬಾ ಹೊತ್ತು ಹಿಡಿದೆ, ಗಮ್ ಮೆತ್ತಗಾಯ್ತು, ಗರಿ ಅಗಲ ಬಿಚ್ಕೊಂಡ್ವು, ಶಟಲ್ ಭಾರ ಆಗಿ ಹಿಂದಿನ ಗೆರೆ ತಲುಪ್ತಾನೇ ಇರಲಿಲ್ಲ. ಕಾರ್ಕಿಗೆ ನೇರ ಆವಿ ತಾಗಬಾರದು. ಗಾಳಿಯಲ್ಲೇ ತೇವ ಇರೋ ದಿನಗಳಲ್ಲಿ ಆವಿ ಬೇಕಾಗೇ ಇಲ್ಲ. ಡಬ್ಬಿನ ಬಿಸಿಲಿಗೆ ನಿಂತ ಗಾಡಿಯೊಳಗೆ ಬಿಟ್ರೆ ಒಂದೇ ಮಧ್ಯಾಹ್ನಕ್ಕೆ ಗರಿ ಒಣಗಿ ಹೋಗುತ್ತೆ, ಇದು ನನ್ನ ಸ್ವಂತ ಅನುಭವ, ಪೂರ್ತಿ ಒಂದು ಡಬ್ಬಿ ಹೋಯ್ತು.

ಆಡೋರ ಕೈಲಿ ಇರೋದು ಇನ್ನೂ ಇದೆ. ಶಟಲ್ ತೆಗೆದು ಹಾಕಿದ್ಯಾಕೆ ಅನ್ನೋ ಕಾಲಮ್ ನೋಡಿದ್ರೆ ಜಾಸ್ತಿ ಇರೋದು ಸ್ಮ್ಯಾಶ್ ಅಲ್ಲ, ಫ್ರೇಮ್. ರಾಕೆಟ್ ಅಂಚು ಗರಿಗೆ ತಾಗಿದ್ರೆ ಎಂಥಾ ಗೂಸೂ ಉಳಿಯಲ್ಲ. ಆಮೇಲೆ ಶಟಲ್ ಪೂರ್ತಿ ತಿರುಗಿ ಕಾರ್ಕ್ ಮುಂದೆ ಬರೋಕೆ ಮುಂಚೆ ಹೊಡೆಯೋದು, ನೆಟ್ ಹತ್ತಿರ ಆತುರದಲ್ಲಿ ಹೀಗಾಗುತ್ತೆ, ಗಟ್ ನೇರ ಗರಿಗೇ ಬಡಿಯುತ್ತೆ. ಡ್ರಾಪಲ್ಲಿ ಜಾಸ್ತಿ ಸವರಿ ಕತ್ತರಿಸೋರು ಗರಿ ಅಂಚು ಬೇಗ ಹರೀತಾರೆ. ಈ ಕಾರಣಕ್ಕೆ ಹೊಸದಾಗಿ ಕಲಿಯೋರಿಗೆ ಮೊದಲ ದಿನದಿಂದ ಗೂಸ್ ಕೊಡೋದು ನನಗೆ ಸರಿ ಅನ್ಸಲ್ಲ, ಕಾರ್ಕ್ ಗಟ್ ಮಧ್ಯಕ್ಕೆ ಸಿಗೋಷ್ಟು ಕೈ ಕೂರೋವರೆಗೆ ನೈಲಾನ್ ಇರಲಿ, ಆದ್ರೆ ವಾರಕ್ಕೊಂದು ದಿನವಾದ್ರೂ ಗರಿ ಆಡಿಸಿ, ಇಲ್ಲಾಂದ್ರೆ ಟೈಮಿಂಗ್ ನೈಲಾನ್‌ಗೇ ಅಂಟ್ಕೊಂಡು ಬಿಡುತ್ತೆ. ವಾರಕ್ಕೆ ಮೂರು ನಾಲ್ಕು ದಿನ ಡಬಲ್ಸ್ ಆಡೋ ಗುಂಪಿಗೆ ಮಧ್ಯಮ ದರ್ಜೆ ಗೂಸ್, ಆವಿ ಕೊಟ್ಟಿದ್ದು, ಅಥವಾ ಹೈಬ್ರಿಡ್. ಟೂರ್ನಮೆಂಟಿಗೆ ತಯಾರಿ ಮಾಡೋರು ಅಲ್ಲಿ ಯಾವ ಶಟಲ್ ಕೊಡ್ತಾರೋ ಅದರಲ್ಲೇ ಪ್ರಾಕ್ಟೀಸ್ ಮಾಡ್ಲಿ, ಅವರಿಗೆ ಬಾಳಿಕೆ ಎರಡನೇ ಮಾತು.

ಡಬ್ಬಿಯಿಂದ ತೆಗೆಯೋವಾಗ ಗರಿ ಹಿಡಿದು ಎಳೀಬೇಡಿ, ಕಾರ್ಕ್ ಇರೋ ಕಡೆಯಿಂದ ತೆಗೀರಿ. ಒಂದು ರ‍್ಯಾಲಿ ಮುಗಿದು ಶಟಲ್ ಕೈಗೆ ಬಂದಾಗ ಒಂದರ ಮೇಲೊಂದು ಏರಿದ ಗರಿನ ಮೆಲ್ಲಗೆ ಬಿಡಿಸಿ ಸರಿ ಮಾಡಿ, ಎರಡು ಸೆಕೆಂಡ್ ಕೆಲಸ, ಅಷ್ಟಕ್ಕೇ ಹಾರಾಟ ವಾಪಸ್ ಬಂದಿದ್ದನ್ನ ಎಷ್ಟೋ ಸಲ ನೋಡಿದ್ದೀನಿ. ಎದುರಿನವರಿಗೆ ಶಟಲ್ ಕೊಡೋವಾಗ ನೆಲದ ಮೇಲೆ ಉಜ್ಜಿ ತಳ್ಳೋದು ಬಿಟ್ಟು ಎತ್ತಿ ಕೊಡಿ.

ನಂಬರ್ 41 ಇವತ್ತಿಗೂ ನನ್ನ ಕಿಟ್ ಬ್ಯಾಗಲ್ಲಿದೆ. ಮಧ್ಯಮ ದರ್ಜೆ ಗೂಸ್, ಆವಿ ಕೊಟ್ಟಿದ್ದು, ನಾಲ್ಕು ಗೇಮ್ ಆಡಿದ್ವಿ, ನಾಲ್ಕನೇ ಗೇಮ್ ಆದ್ಮೇಲೂ ಹಿಂದಿನ ಗೆರೆಯಿಂದ ಹೊಡೆದ್ರೆ ಆ ಎರಡು ಗುರುತಿನ ಮಧ್ಯೆ ಬಿತ್ತು. ಒಂದು ಗರಿ ತುದಿ ಸ್ವಲ್ಪ ಹರಿದಿದೆ, ಕಾರ್ಕ್ ಪಕ್ಕ ನಂಬರ್ ಅರ್ಧ ಅಳಿಸಿದೆ. ನಾಳೆ ಐದನೇ ಗೇಮಿಗೆ ತೆಗೀತೀವಿ.